ಆ ನಾಲ್ಕು ಜನ ಯಾರು?

‘ನಾಲ್ಕು ಜನ ಏನಂದಾರು’ ಎಂಬ ಮಾತು ಕಿವಿಗೆ ಬೀಳದೆ ಬೆಳೆದ ಕನ್ನಡಿಗರು ಇರಲಾರರು. ಮಗಳು ಗುರುತು ಪರಿಚಯವಿಲ್ಲದ ಊರಿಗೆ ಕೆಲಸಕ್ಕೆ ಹೊರಟಾಗ ಈ ಮಾತು ಬರುತ್ತದೆ. ಮಗ ಎಂಜಿನಿಯರಿಂಗ್ ಓದಿ, ತೋಟ ನೋಡಿಕೊಳ್ಳುತ್ತೇನೆಂದು ಊರಿಗೆ ಮರಳಿದಾಗ ಬರುತ್ತದೆ. ಛತ್ರ ಬೇಡ, ಮದುವೆ ಮನೆಯಂಗಳದಲ್ಲೇ ಆಗಲಿ ಎಂದು ಯಾರಾದರೂ ಬಾಯಿಬಿಟ್ಟರೆ ಬರುತ್ತದೆ. ಗಂಡನನ್ನು ಕಳೆದುಕೊಂಡವಳು ಹೂ ಮುಡಿದರಂತೂ ಬಂದೇ ಬರುತ್ತದೆ. ಹೇಳುವವರು ಕೆಟ್ಟವರೇನಲ್ಲ; ಹೆಚ್ಚಿನ ಸಲ ಅವರು ನಮ್ಮ ಮೇಲೆ ಜೀವ ಇಟ್ಟುಕೊಂಡವರೇ. ಆದರೆ ‘ಯಾರು ಆ ನಾಲ್ಕು ಜನ, ಹೆಸರು ಹೇಳಿ’ ಎಂದು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಆ ನಾಲ್ವರಿಗೆ ಮುಖವಿಲ್ಲ, ಮನೆಯಿಲ್ಲ, ವಿಳಾಸವಿಲ್ಲ. ಆದರೂ ನಮ್ಮ ಓದು, ಮದುವೆ, ಉಡುಗೆ, ಸಾಲ ಎಲ್ಲಕ್ಕೂ ಅವರ ಒಪ್ಪಿಗೆ ಬೇಕು. ಇದೇ ಕನ್ನಡದಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ‘ನಾಳೆ ಹೊರೋಕೆ ನಾಲ್ಕು ಜನ ಬೇಡವೇ’ ಎಂದು ಹಿರಿಯರು ಎಚ್ಚರಿಸುತ್ತಾರಲ್ಲ, ಆ ನಾಲ್ಕು ಜನ, ಚಟ್ಟಕ್ಕೆ ಹೆಗಲು ಕೊಡುವವರು. ಅವರಿಗೆ ಹೆಸರಿದೆ, ಹೆಗಲಿದೆ, ಅವರ ಮನೆ ಯಾವ ಬೀದಿಯಲ್ಲಿದೆ ಎಂದು ನಮಗೆ ಗೊತ್ತು. ಅನ್ನುವ ನಾಲ್ವರು ಬೇರೆ, ಹೊರುವ ನಾಲ್ವರು ಬೇರೆ. ಇಬ್ಬರನ್ನೂ ಒಂದೇ ಎಂದು ಎಣಿಸಿ, ಹೊರುವವರಿಗೆ ಸಲ್ಲಬೇಕಾದ ಋಣವನ್ನು ಅನ್ನುವವರಿಗೆ ಕಟ್ಟುತ್ತಾ ನಾವು ಬಾಳು ಸವೆಸುತ್ತಿದ್ದೇವೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಎಲ್ಲರ ಮನಸ್ಸು ಕಾಯುತ್ತಾ ತನ್ನ ಮನಸ್ಸನ್ನು ಹಿಂದೆ ಸರಿಸುವ ಈ ಸ್ವಭಾವಕ್ಕೆ ಈಚಿನ ಮನೋವಿಜ್ಞಾನದ ಪುಸ್ತಕಗಳು ಹೊಸ ಹೊಸ ಹೆಸರು ಕೊಡುತ್ತವೆ. ನಮ್ಮಲ್ಲಿ ಹಳೆಯ ಹೆಸರೇ ಇದೆ: ದಾಕ್ಷಿಣ್ಯ. ಮುಲಾಜು ಅದರ ನೆಂಟ. ದಾಕ್ಷಿಣ್ಯ ಹುಟ್ಟಿನಿಂದ ಒಳ್ಳೆಯ ಪದ. ನಯ, ಔದಾರ್ಯ, ಮತ್ತೊಬ್ಬರ ಮನಸ್ಸಿಗೆ ನೋವಾಗದ ನಡತೆ ಎಲ್ಲವೂ ಅದರಲ್ಲಿದೆ. ಆದರೆ ಅದರೊಳಗಿನ ಒಂದು ಬಿರುಕನ್ನು ನಮ್ಮ ಹಳೆಯ ಅಲಂಕಾರಶಾಸ್ತ್ರಜ್ಞರು ಆಗಲೇ ಕಂಡಿದ್ದರು. ಶೃಂಗಾರದ ನಾಯಕರನ್ನು ಅವರು ನಾಲ್ಕು ಬಗೆಯಾಗಿ ಎಣಿಸುತ್ತಾರೆ: ಅನುಕೂಲ, ದಕ್ಷಿಣ, ಶಠ, ಧೃಷ್ಟ. ಅನುಕೂಲನಿಗೆ ಒಬ್ಬಳಲ್ಲೇ ಮನಸ್ಸು. ದಕ್ಷಿಣ ನಾಯಕನ ಮನಸ್ಸು ಹೊಸಬಳ ಕಡೆಗೆ ಹರಿದಿದೆ. ಆದರೂ ಮೊದಲಿನವಳ ಬಳಿ ಬಂದಾಗ ಆದರಕ್ಕೆ, ನಯಕ್ಕೆ ಕೊರತೆಯಾಗದಂತೆ ನಡೆದುಕೊಳ್ಳುತ್ತಾನೆ. ಶಠನು ಮುಖದ ಮೇಲೆ ಸವಿಯಾಗಿದ್ದು ಮರೆಯಲ್ಲಿ ಅವಳಿಗೆ ನೋವಾಗುವುದನ್ನು ಮಾಡುವವನು. ಈ ಪಟ್ಟಿಯಲ್ಲಿ ದಕ್ಷಿಣನೂ ಶಠನೂ ಅಕ್ಕಪಕ್ಕದಲ್ಲೇ ನಿಂತಿದ್ದಾರೆ. ಇಬ್ಬರ ನಡುವಿನ ಗೋಡೆ ತೀರಾ ತೆಳು ಎಂದು ನನಗೆ ತೋರುತ್ತದೆ. ಮನಸ್ಸು ಒಂದು ಕಡೆ, ನಡತೆ ಇನ್ನೊಂದು ಕಡೆ ಇದ್ದಾಗ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಎದುರಿನವರಿಗೆ ಸಿಗುವುದು ನಮ್ಮ ಮುಖ ಮಾತ್ರ. ದಾಕ್ಷಿಣ್ಯಕ್ಕೆ ಹೂಂ ಅಂದವರು ತಾವು ತ್ಯಾಗ ಮಾಡಿದೆವೆಂದುಕೊಂಡಿರುತ್ತಾರೆ. ಅತ್ತ, ತನಗೆ ಸಿಕ್ಕಿದ್ದು ಒಲವೋ ಸಂಕೋಚವೋ ಎಂದು ತಿಳಿಯುವ ದಾರಿ ಆ ಹೂಂ ಪಡೆದವರಿಗೆ ಇರುವುದಿಲ್ಲ. ಹಾಗೆ ನೋಡಿದರೆ ಇದರಲ್ಲಿ ಇಬ್ಬರೂ ಕಳೆದುಕೊಂಡವರೇ.

ನಾಲ್ಕು ಜನರ ಒತ್ತಡ ಎಷ್ಟು ಬಲವಾದದ್ದೆಂದು ಅಳೆದು ನೋಡಿದವರಿದ್ದಾರೆ. 1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಒಂದು ಸರಳ ಪ್ರಯೋಗ ಮಾಡಿದರು. ಒಂದು ಹಾಳೆಯ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಉದ್ದ ಬೇರೆಬೇರೆಯಾದ ಮೂರು ಗೆರೆಗಳು. ಮೊದಲಿನದಕ್ಕೆ ಸಮನಾದದ್ದು ಯಾವುದೆಂದು ಹೇಳಬೇಕು, ಅಷ್ಟೇ. ಒಬ್ಬರೇ ಕೂತು ಉತ್ತರಿಸಿದಾಗ ನೂರಕ್ಕೆ ಒಂದು ತಪ್ಪೂ ಆಗದಷ್ಟು ಸುಲಭದ ಕೆಲಸ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. ಅವರು ಒಬ್ಬರ ಹಿಂದೊಬ್ಬರು ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆಮೇಲೆ, ಏನೂ ತಿಳಿಯದ ಆ ಒಬ್ಬ ವಿದ್ಯಾರ್ಥಿಯ ಸರದಿ. ಹೀಗೆ ಪರೀಕ್ಷೆಗೆ ಒಳಗಾದ ವಿದ್ಯಾರ್ಥಿಗಳು 123 ಮಂದಿ. ಅವರ ಉತ್ತರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಗುಂಪಿನ ತಪ್ಪಿಗೆ ಹೊಂದಿಕೊಂಡ ತಪ್ಪುಗಳಾಗಿದ್ದವು. ಗೆರೆ ಕಣ್ಣೆದುರಿಗೇ ಇತ್ತು. ಗುಂಪಿನಲ್ಲಿದ್ದವರು ನೆಂಟರಲ್ಲ, ಸಂಬಳ ಕೊಡುವವರಲ್ಲ, ಮುಂದೆ ಮುಖ ತೋರಿಸಬೇಕಾದವರೂ ಅಲ್ಲ. ಕನ್ನಡಿಗರು ಗಮನಿಸಬೇಕಾದದ್ದು ಇನ್ನೂ ಒಂದಿದೆ. ಎದುರಾಳಿ ಒಬ್ಬನೇ ಆದಾಗ ಒತ್ತಡ ಹೆಚ್ಚುಕಡಿಮೆ ಶೂನ್ಯ. ಇಬ್ಬರಾದಾಗ ತಪ್ಪುಗಳು ನೂರಕ್ಕೆ 13ರಷ್ಟು. ಮೂವರಾದ ಕೂಡಲೇ ನೂರಕ್ಕೆ 31ಕ್ಕೂ ಮೇಲೆ. ಅಲ್ಲಿಂದಾಚೆಗೆ ಗುಂಪನ್ನು ಎಷ್ಟು ದೊಡ್ಡದು ಮಾಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಊರಿಡೀ ಬೇಕಾಗಿಲ್ಲ, ಮೂರು ನಾಲ್ಕು ಜನ ಸಾಕು. ‘ನಾಲ್ಕು ಜನ’ ಎಂದು ಎಣಿಸಿದ ನಮ್ಮ ಹಿರಿಯರಿಗೆ ಈ ಲೆಕ್ಕ ಯಾವ ಪ್ರಯೋಗಶಾಲೆಯೂ ಇಲ್ಲದೆ ಸಿಕ್ಕಿತ್ತು. ಆಶ್ ಅವರ ಪ್ರಯೋಗದಲ್ಲಿ ಇದಕ್ಕಿಂತ ದೊಡ್ಡ ಮಾತೊಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಗೆರೆಯ ಪ್ರಯೋಗದಲ್ಲಿ ಉಳಿದವರು ನಿಜವಾಗಿಯೂ ಬಾಯಿಬಿಟ್ಟು ಹೇಳಿದ್ದರು. ಬಾಳಿನಲ್ಲಿ ಅಷ್ಟೂ ಆಗುವುದಿಲ್ಲ. ಅವರು ಏನನ್ನಬಹುದು ಎಂದು ನಾವೇ ಊಹಿಸಿ, ಆ ಊಹೆಗೇ ತಲೆಬಾಗುತ್ತೇವೆ. 1974ರಲ್ಲಿ ಜೆರ್ರಿ ಹಾರ್ವಿ ಎಂಬ ವಿದ್ವಾಂಸರು ತಮ್ಮ ಕುಟುಂಬದಲ್ಲೇ ನಡೆದ ಒಂದು ಸಂಗತಿಯನ್ನು ಬರೆದರು. ಟೆಕ್ಸಾಸಿನ ಕೋಲ್‌ಮನ್ ಎಂಬ ಸಣ್ಣ ಊರು. ಬೇಸಿಗೆಯ ಮಧ್ಯಾಹ್ನ, 40 ಡಿಗ್ರಿ ಬಿಸಿಲು. ಹಿತ್ತಿಲ ಜಗಲಿಯಲ್ಲಿ ಫ್ಯಾನು ತಿರುಗುತ್ತಿದೆ, ತಣ್ಣನೆಯ ನಿಂಬೆ ಪಾನಕ ಇದೆ, ಡೊಮಿನೋ ಆಟ ನಡೆದಿದೆ. ಇದ್ದವರು ನಾಲ್ಕೇ ಜನ: ಗಂಡ, ಹೆಂಡತಿ, ಅತ್ತೆ, ಮಾವ. ಮಾವ ಇದ್ದಕ್ಕಿದ್ದಂತೆ, ‘ಅಬಿಲೀನ್‌ಗೆ ಹೋಗಿ ಊಟ ಮಾಡಿಕೊಂಡು ಬರೋಣ’ ಎಂದರು. ಅಬಿಲೀನ್ ಇರುವುದು 53 ಮೈಲಿ ದೂರದಲ್ಲಿ. ಕಾರಿಗೆ ಎಸಿ ಇಲ್ಲ. ಮಗಳು ‘ಒಳ್ಳೆಯದೇ’ ಎಂದಳು. ಅಳಿಯ, ‘ಅತ್ತೆಗೂ ಇಷ್ಟವಿದ್ದರೆ ನಾನು ಸಿದ್ಧ’ ಎಂದ. ಅತ್ತೆ, ‘ಇಷ್ಟವಿಲ್ಲದೆ ಏನು’ ಎಂದರು. ಧೂಳು ಬೆವರಿನಲ್ಲಿ ಹೋಗಿ, ರುಚಿಯಿಲ್ಲದ ಊಟ ಮಾಡಿ, ನಾಲ್ಕು ಗಂಟೆಯ ಮೇಲೆ ಸುಸ್ತಾಗಿ ಮನೆ ಸೇರಿದಾಗ ನಿಜ ಹೊರಬಿತ್ತು: ಯಾರಿಗೂ ಹೋಗುವ ಮನಸ್ಸಿರಲಿಲ್ಲ. ಹೊರಡೋಣ ಎಂದ ಮಾವನಿಗೂ ಇರಲಿಲ್ಲ; ಉಳಿದವರಿಗೆ ಬೇಸರವಾಗಿರಬೇಕು ಎಂದುಕೊಂಡು ಅವರು ಹಾಗೆಂದಿದ್ದರು. ಈ ನಾಲ್ವರೂ ಒಬ್ಬರನ್ನೊಬ್ಬರು ಮೆಚ್ಚಿಸಲು ಹೋಗಿ ಯಾರಿಗೂ ಬೇಡದ 106 ಮೈಲಿ ಸುತ್ತಿ ಬಂದರು. ನಮ್ಮಲ್ಲಿ ಹೀಗೆ ನಡೆಯುವ ಮದುವೆಗಳೆಷ್ಟು ಎಂದು ಯೋಚಿಸಿ. ಹೆಣ್ಣಿನ ಕಡೆಯವರಿಗೆ ದೊಡ್ಡ ಛತ್ರದ ಆಸೆಯಿಲ್ಲ, ಗಂಡಿನ ಕಡೆಯವರಿಗೂ ಇಲ್ಲ, ಮದುವೆಯಾಗುವ ಇಬ್ಬರಿಗಂತೂ ಮೊದಲೇ ಇಲ್ಲ. ಆದರೆ ಅವರು ಏನೆಂದುಕೊಂಡಾರೋ ಎಂದು ಇವರು, ಇವರು ಏನೆಂದುಕೊಂಡಾರೋ ಎಂದು ಅವರು. ಜಮೀನು ಅಡವಿಟ್ಟು ತಂದ ಹಣ ಎರಡು ದಿನದ ಊಟೋಪಚಾರಕ್ಕೆ ಕರಗಿಹೋಗುತ್ತದೆ, ಬಡ್ಡಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಇದು ಒಂದು ಮನೆಯ ಕಥೆ, ಪುರಾವೆ ಹೇಗಾಯಿತು ಎಂದು ಯಾರಾದರೂ ಕೇಳಬಹುದು. ಹಾಗಾದರೆ ಸೌದಿ ಅರೇಬಿಯಾದ ರಿಯಾದ್ ನಗರಕ್ಕೆ ಹೋಗೋಣ. ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಅವರ ಇಬ್ಬರು ಜೊತೆಗಾರ ಅರ್ಥಶಾಸ್ತ್ರಜ್ಞರು ಅಲ್ಲಿನ ಸುಮಾರು 500 ಮಂದಿ ಯುವ ವಿವಾಹಿತ ಗಂಡಸರ ನಡುವೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಂಡತಿ ಹೊರಗೆ ದುಡಿಯಬೇಕೋ ಬೇಡವೋ ಎಂಬುದರಲ್ಲಿ ಆಗ ಗಂಡನ ಮಾತೇ ನಡೆಯುತ್ತಿದ್ದ ಸಮಾಜ ಅದು. ಗುಟ್ಟಾಗಿ ಕೇಳಿದಾಗ ಅವರಲ್ಲಿ ಬಹುಪಾಲು ಮಂದಿ, ಹೆಂಗಸರು ಹೊರಗೆ ಹೋಗಿ ದುಡಿಯುವುದು ತಮಗೆ ಒಪ್ಪಿಗೆಯೆಂದರು. ‘ನಿಮ್ಮ ಸುತ್ತಲಿನವರಲ್ಲಿ ಎಷ್ಟು ಮಂದಿ ಹೀಗೆ ಹೇಳಿಯಾರು’ ಎಂದು ಕೇಳಿದಾಗ ಮಾತ್ರ ನಿಜಕ್ಕಿಂತ ತುಂಬ ಕಡಿಮೆ ಲೆಕ್ಕ ಕೊಟ್ಟರು. ಅಂದರೆ ಒಬ್ಬೊಬ್ಬನೂ ತಾನು ಒಪ್ಪುತ್ತೇನೆ, ಆದರೆ ನಾಲ್ಕು ಜನ ಒಪ್ಪುವುದಿಲ್ಲ ಎಂದುಕೊಂಡಿದ್ದ. ಆ ನಾಲ್ಕು ಜನವೂ ಹಾಗೆಯೇ ಅಂದುಕೊಂಡು ಕೂತಿದ್ದರು. ಸಂಶೋಧಕರು ಅವರಲ್ಲಿ ಅರ್ಧದಷ್ಟು ಮಂದಿಗೆ, ಅವರ ಗುಂಪಿನವರು ನಿಜವಾಗಿ ಏನೆಂದರು ಎಂಬ ಅಂಕಿಯನ್ನು ತಿಳಿಸಿದರು. ಉಪದೇಶ ಮಾಡಲಿಲ್ಲ, ಒತ್ತಾಯ ಮಾಡಲಿಲ್ಲ. ಅಂಕಿ ತಿಳಿಯದವರಲ್ಲಿ ನೂರಕ್ಕೆ 23 ಮಂದಿ ಹೆಂಡತಿಯ ಹೆಸರನ್ನು ಉದ್ಯೋಗ ಹುಡುಕುವ ಸೇವೆಯೊಂದಕ್ಕೆ ಬರೆಸಿದ್ದರೆ, ತಿಳಿದವರಲ್ಲಿ 32 ಮಂದಿ ಬರೆಸಿದರು. ಕೆಲವು ತಿಂಗಳ ನಂತರ ವಿಚಾರಿಸಿದಾಗ, ಎರಡನೆಯ ಗುಂಪಿನವರ ಹೆಂಡತಿಯರು ಅರ್ಜಿ ಹಾಕಿದ್ದೂ ಸಂದರ್ಶನಕ್ಕೆ ಹೋಗಿದ್ದೂ ಹೆಚ್ಚಾಗಿತ್ತು. ಮನೆಯೊಳಗೆ ಉಳಿದುಹೋದ ಹೆಂಗಸರಲ್ಲಿ ಕೆಲವರನ್ನಾದರೂ ತಡೆದಿದ್ದು ಯಾರ ವಿರೋಧವೂ ಅಲ್ಲ, ವಿರೋಧವಿದೆ ಎಂಬ ಊಹೆ. ಅದನ್ನು ಓದಿದಾಗ ನನಗೆ ನಮ್ಮ ಮನೆಗಳು ಕಣ್ಣಮುಂದೆ ಬಂದವು. ನಮ್ಮ ಓಣಿಗಳಲ್ಲಿ ಇಂಥ ಎಷ್ಟು ಊಹೆಗಳು ಎಷ್ಟು ಜನರ ದಾರಿಗೆ ಅಡ್ಡ ನಿಂತಿವೆಯೋ.

ನಮ್ಮಿಂದ ಏನಾದರೂ ಕೇಳುವವರ ಕಡೆಯಿಂದಲೂ ಈ ದಾಕ್ಷಿಣ್ಯವನ್ನು ಒಮ್ಮೆ ನೋಡಬೇಕು. ವನೆಸ್ಸಾ ಬೋನ್ಸ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಒಂದು ವಿಚಿತ್ರ ಕೋರಿಕೆಯನ್ನು ಪರೀಕ್ಷಿಸಿದರು. ಗುರುತಿಲ್ಲದವರ ಬಳಿ ಹೋಗಿ, ಗ್ರಂಥಾಲಯದ ಪುಸ್ತಕವೊಂದನ್ನು ಕೊಟ್ಟು, ಅದರ ಪುಟದ ಮೇಲೆ ಪೆನ್ನಿನಲ್ಲಿ ಒಂದು ಪದ ಗೀಚಿಕೊಡಿ ಎಂದು ಕೇಳಬೇಕು. ಹತ್ತರಲ್ಲಿ ಮೂವರೂ ಒಪ್ಪಲಾರರು ಎಂದು ಕೇಳಲು ಹೊರಟವರು ಮೊದಲೇ ಅಂದಾಜು ಮಾಡಿದ್ದರು. ಒಪ್ಪಿದವರು ಹತ್ತರಲ್ಲಿ ಆರಕ್ಕೂ ಹೆಚ್ಚು. ಸಾರ್ವಜನಿಕ ಪುಸ್ತಕವನ್ನು ಕೆಡಿಸುವುದು ಸರಿಯಲ್ಲ ಎಂದು ಬಲ್ಲವರೂ, ಎದುರಿಗೆ ನಿಂತವರ ಮುಖ ನೋಡಿ ಬೇಡ ಎನ್ನಲಾಗದೆ ಗೀಚಿಕೊಟ್ಟರು. ನಾವು ‘ಮುಖದಾಕ್ಷಿಣ್ಯ’ ಎನ್ನುವುದು ಇದನ್ನೇ. ಇದರಿಂದ ತಿಳಿಯುವುದು ಒಪ್ಪಿದವರ ದೌರ್ಬಲ್ಯವೊಂದೇ ಅಲ್ಲ. ಕೇಳುವವರಿಗೆ ತಮ್ಮ ಕೋರಿಕೆಯ ಭಾರ ತಿಳಿದಿರುವುದಿಲ್ಲ. ಕೈಗಡ ಕೇಳುವ ಭಾವಮೈದುನ, ರಜೆಯ ದಿನವೂ ಒಂದು ಸಣ್ಣ ಕೆಲಸ ಹೇಳುವ ಮೇಲಧಿಕಾರಿ, ಪ್ರತಿ ಹಬ್ಬಕ್ಕೂ ನಿನ್ನ ಕೈ ಅಡುಗೆಯೇ ಆಗಬೇಕು ಎನ್ನುವ ಓರಗಿತ್ತಿ: ಆಗದಿದ್ದರೆ ಆಗದು ಅನ್ನುತ್ತಾರೆ ಬಿಡು ಎಂದು ಇವರೆಲ್ಲ ನಂಬಿರುತ್ತಾರೆ. ನಾವೋ, ಇವರು ನಮ್ಮನ್ನು ಹಿಂಡುತ್ತಿದ್ದಾರೆ ಎಂದು ಒಳಗೊಳಗೆ ಕುದಿಯುತ್ತೇವೆ. ಹೇಳದೆ ನುಂಗಿಕೊಂಡ ‘ಆಗಲ್ಲ’ ಹೊಟ್ಟೆಯಲ್ಲಿ ಸುಮ್ಮನಿರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಯಾವುದೋ ಗೃಹಪ್ರವೇಶದ ದಿನ, ಯಾವುದೋ ಚಿಕ್ಕ ಮಾತಿಗೆ ಸಿಡಿದು, ಎರಡು ಮನೆಗಳ ನಡುವೆ ಹೋಗಿ ಬರುವುದೇ ನಿಂತುಹೋಗುತ್ತದೆ. ಅಂಥ ಮುರಿದ ಸಂಬಂಧಗಳ ಬುಡದಲ್ಲಿ ಕೆದಕಿ ನೋಡಿದರೆ ಒರಟುತನಕ್ಕಿಂತ ಹೆಚ್ಚಾಗಿ ಅತಿಯಾದ ನಯವೇ ಸಿಗುತ್ತದೆ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಹಿರಿಯರ ಆಕ್ಷೇಪ, ಮತ್ತು ಅದು ಹಗುರವಾದದ್ದಲ್ಲ. ನಾಲ್ಕು ಜನರನ್ನು ಬಿಟ್ಟು ಬಾಳುವುದು ಪಟ್ಟಣದಲ್ಲಿ ಸಂಬಳ ಎಣಿಸುವವರಿಗೆ ಸರಿ. ಮಳೆ ಕೈಕೊಟ್ಟರೆ, ಮನೆಯಲ್ಲಿ ಯಾರಾದರೂ ಮಲಗಿದರೆ, ಹಳ್ಳಿಯ ಬಡವನಿಗೆ ಆಸರೆ ಆ ನಾಲ್ಕು ಜನವೇ ತಾನೆ? ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ದಕ್ಷಿಣ ಭಾರತದ ಹಳ್ಳಿಗಳಲ್ಲಿ, ತೀರಾ ಬಡವರೂ ಮದುವೆ ಜಾತ್ರೆಗಳಿಗೆ ಏಕೆ ಅಷ್ಟು ಖರ್ಚು ಮಾಡುತ್ತಾರೆಂದು ಹುಡುಕಿ 2001ರಲ್ಲಿ ಬರೆದರು. ಅವರು ಅದನ್ನು ಮೂಢತನವೆಂದು ತಳ್ಳಿಹಾಕಲಿಲ್ಲ. ಆ ಖರ್ಚು ಎರಡು ಕೆಲಸ ಮಾಡುತ್ತದೆ ಎಂದರು. ಒಂದು, ಕಷ್ಟಕಾಲದಲ್ಲಿ ಕೈಹಿಡಿಯುವ ಪರಸ್ಪರ ಋಣದ ಜಾಲವನ್ನೂ ಊರಿನಲ್ಲಿ ತನ್ನ ಹೆಸರನ್ನೂ ಕಾಪಾಡಿಕೊಳ್ಳುವುದು; ಇನ್ನೊಂದು, ಅಂತಸ್ತಿನಲ್ಲಿ ಮೇಲೇರುವ ಪೈಪೋಟಿ. ಮೊದಲನೆಯದು ಬಡತನವನ್ನು ಎದುರಿಸಲು ಬೇಕಾದದ್ದು. ಎರಡನೆಯದು ಆದಾಯ ಹೆಚ್ಚಿದಂತೆ ಇನ್ನೂ ಬೆಳೆಯಬಹುದಾದದ್ದು. ಆ ಅಧ್ಯಯನದಲ್ಲಿ ನನಗೆ ಕಂಡದ್ದು ನಮ್ಮ ಎರಡು ಬಗೆಯ ನಾಲ್ಕು ಜನರೇ. ಮೊದಲನೆಯದು ಹೊರುವ ನಾಲ್ವರಿಗಾಗಿ, ಎರಡನೆಯದು ಅನ್ನುವ ನಾಲ್ವರಿಗಾಗಿ. ಆದ್ದರಿಂದ ಹಿರಿಯರ ಮಾತಿನಲ್ಲಿ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ: ಋಣದ ಜಾಲವನ್ನು ಕಡಿದುಕೊಂಡು ಬದುಕುವುದು ಜಾಣತನವಲ್ಲ. ಆದರೆ ನಮ್ಮ ಹಳ್ಳಿಗಳು ಆ ಜಾಲವನ್ನು ದಾಕ್ಷಿಣ್ಯದ ಮೇಲೆ ಕಟ್ಟಲಿಲ್ಲ, ಮುಯ್ಯಿಯ ಮೇಲೆ ಕಟ್ಟಿದವು. ಇಂದು ನನ್ನ ಗದ್ದೆಯ ನಾಟಿಗೆ ನೀವು ನಾಲ್ಕು ಆಳು ಬಂದಿರಿ, ನಾಡಿದ್ದು ನಿಮ್ಮ ಗದ್ದೆಗೆ ನಾವು ನಾಲ್ಕು ಆಳು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಬರೆದಿಟ್ಟು, ಅವರ ಮನೆಯ ಮದುವೆಗೆ ನೆನಪಿಟ್ಟು ತೀರಿಸುವುದು. ಇದರಲ್ಲಿ ಕೇಳುವವರಿಗೆ ಸಂಕೋಚವಿಲ್ಲ, ಕೊಡುವವರಿಗೆ ಕುದಿತವಿಲ್ಲ. ಈ ಸಲ ನಮ್ಮಲ್ಲಿ ಆಳಿಲ್ಲ, ಮುಂದಿನ ವಾರ ಬರುತ್ತೇವೆ ಎಂದು ಬಾಯಿಬಿಟ್ಟು ಹೇಳಿದರೆ ಯಾರೂ ಮುನಿಯುವುದಿಲ್ಲ. ದಾಕ್ಷಿಣ್ಯದಲ್ಲಿ ಇಂಥ ಲೆಕ್ಕದ ಪುಸ್ತಕವೇ ಇಲ್ಲ. ಎಷ್ಟು ಕೊಟ್ಟೆ ಎಂದು ಕೊಟ್ಟವನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾನೆ. ಸಾಲ ಇದೆ ಎಂಬುದೇ ಪಡೆದವನಿಗೆ ಗೊತ್ತಿರುವುದಿಲ್ಲ.

ಎರಡನೆಯ ಆಕ್ಷೇಪಕ್ಕೆ ಉತ್ತರಿಸುವುದು ಇದಕ್ಕಿಂತ ಕಷ್ಟ. ‘ಆಗಲ್ಲ’ ಎಂದು ಹೇಳಿ ಎಂದು ಹೇಳಿಕೊಡುವುದು ಸುಲಭ. ಹಾಗೆ ಹೇಳಿದವರೆಲ್ಲ ಒಂದೇ ಬೆಲೆ ತೆರುತ್ತಾರೆಯೇ? ಗುತ್ತಿಗೆಯ ಮೇಲೆ ದುಡಿಯುವ ಪೌರಕಾರ್ಮಿಕ ಮೇಸ್ತ್ರಿಗೆ ಆಗಲ್ಲ ಎಂದರೆ ಮರುದಿನ ಕೆಲಸವಿಲ್ಲ. ಹೊಸದಾಗಿ ಮನೆ ತುಂಬಿದ ಸೊಸೆ ಬೇಡ ಎಂದರೆ ಅವಳ ತವರಿನ ಸಂಸ್ಕಾರವೇ ಪ್ರಶ್ನೆಗೆ ಒಳಗಾಗುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಐದು ಗಂಟೆಯ ಆ ಸಂಬಳವಿಲ್ಲದ ಕೆಲಸದಲ್ಲಿ ಒಲವೆಷ್ಟು, ಬೇಡ ಎನ್ನಲಾಗದ್ದೆಷ್ಟು ಎಂದು ಯಾವ ಸಮೀಕ್ಷೆಯೂ ಬಿಡಿಸಿ ತೋರಿಸಲಾರದು. ಕಚೇರಿಗಳಲ್ಲೂ ಹೀಗೆಯೇ. ಹೆಸರಾಗಲಿ ಬಡ್ತಿಯಾಗಲಿ ತಾರದ, ಆದರೆ ಯಾರಾದರೊಬ್ಬರು ಮಾಡಲೇಬೇಕಾದ ಕೆಲಸಗಳನ್ನು ಕುರಿತು ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಗಾರರು ಮಾಡಿದ ಪ್ರಯೋಗಗಳು 2017ರಲ್ಲಿ ಪ್ರಕಟವಾದವು. ಅಂಥ ಕೆಲಸ ಮಾಡಿಕೊಡಿ ಎಂಬ ಕೋರಿಕೆ ಗಂಡಸರಿಗಿಂತ ಹೆಂಗಸರ ಬಳಿಗೆ ಶೇಕಡಾ 44ರಷ್ಟು ಹೆಚ್ಚಾಗಿ ಬಂತು. ಕೇಳಿದಾಗ ಹೆಂಗಸರು ನೂರಕ್ಕೆ 76 ಸಲ ಒಪ್ಪಿದರು, ಗಂಡಸರು 51 ಸಲ. ಹೆಂಗಸರ ಸ್ವಭಾವವೇ ಹಾಗೆ ಎಂದು ತೀರ್ಮಾನಿಸುವ ಮೊದಲು ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ನೋಡಬೇಕು: ಗುಂಪಿನಲ್ಲಿ ಬರೀ ಗಂಡಸರೇ ಇದ್ದಾಗ, ಹೆಂಗಸರ ಗುಂಪಿನಷ್ಟೇ ಮಟ್ಟಿಗೆ ಗಂಡಸರೂ ತಾವಾಗಿ ಮುಂದೆ ಬಂದರು. ಇಬ್ಬರೂ ಕೂಡಿದ ಗುಂಪಿನಲ್ಲಿ ಮಾತ್ರ, ‘ಅವಳು ಮಾಡುತ್ತಾಳೆ’ ಎಂದು ಎಲ್ಲರೂ, ಅವಳೂ ಸೇರಿ, ಕಾದು ಕೂತರು.

ಹಾಗಿದ್ದ ಮೇಲೆ, ಕೆಲಸ ಕಳೆದುಕೊಳ್ಳುವ ಭಯದಿಂದ ಹೂಂ ಅನ್ನುವವರನ್ನೂ ಒಳ್ಳೆಯವರೆನಿಸಿಕೊಳ್ಳುವ ಆಸೆಯಿಂದ ಹೂಂ ಅನ್ನುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಭಯದ ಹೂಂಗೆ ದಾಕ್ಷಿಣ್ಯ ಎಂದು ಹೆಸರಿಟ್ಟು, ಧೈರ್ಯ ತಂದುಕೋ ಎಂದು ಉಪದೇಶಿಸುವುದು ಕ್ರೂರ. ಆಶ್ ಅವರ ಪ್ರಯೋಗದ ದೊಡ್ಡ ಮಾತನ್ನು ಇಲ್ಲಿಗೆಂದೇ ಉಳಿಸಿಕೊಂಡಿದ್ದೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿಬಿಟ್ಟರೆ, ಆ ಒಂಟಿ ವಿದ್ಯಾರ್ಥಿಯ ತಪ್ಪುಗಳು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತಿದ್ದವು. ಬಹುಮತ ಹಾಗೆಯೇ ಇತ್ತು, ತಪ್ಪು ಉತ್ತರ ಅಷ್ಟೇ ಗಟ್ಟಿಯಾಗಿ ಕೇಳಿಬರುತ್ತಿತ್ತು. ಬದಲಾದದ್ದು ಒಂದು ದನಿ. ಆದ್ದರಿಂದ ತನ್ನಿಚ್ಛೆಯಂತೆ ಬದುಕಬೇಕು ಎಂಬ ಮಾತನ್ನು ನಾನು ದುರ್ಬಲರಿಗೆ ಮೊದಲು ಹೇಳುವುದಿಲ್ಲ. ಬೆಲೆ ತೆರಬಲ್ಲವರಿಗೆ ಹೇಳುತ್ತೇನೆ: ಸೊಸೆ ಬಾಯಿಬಿಡುವ ಮೊದಲು ಅತ್ತೆ, ‘ಈ ವರ್ಷ ಹೋಳಿಗೆ ಅಂಗಡಿಯಿಂದ ಬರಲಿ’ ಎನ್ನಲಿ. ಕಿರಿಯ ನೌಕರಳು ತಲೆತಗ್ಗಿಸುವ ಮೊದಲು ಹಿರಿಯ ಸಹೋದ್ಯೋಗಿ, ‘ಸರದಿಯ ಪ್ರಕಾರ ಈ ಸಲ ನನ್ನದು’ ಎನ್ನಲಿ. ಕಾಯಂ ನೌಕರರ ಸಂಘ ಗುತ್ತಿಗೆಯವರ ಪರವಾಗಿ ಮೊದಲ ಮಾತು ಆಡಲಿ. ತನ್ನ ಇಷ್ಟವನ್ನು ಬಾಯಿಬಿಟ್ಟು ಹೇಳುವ ಒಬ್ಬರು ಮನೆಯಲ್ಲಿದ್ದರೆ ಉಳಿದವರಿಗೂ ಉಸಿರಾಡಲು ಜಾಗವಾಗುತ್ತದೆ. ಇದನ್ನು ಸ್ವಾರ್ಥವೆಂದು ಕರೆಯುವವರು ಆ ಉಳಿದವರನ್ನು ಒಮ್ಮೆ ಕೇಳಿ ನೋಡಬೇಕು.

ಮೂರನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಹೀಗೆ ಎಲ್ಲರೂ ತಮ್ಮ ಮನಸ್ಸಿನಂತೆಯೇ ನಡೆದರೆ ಪ್ರೀತಿ ವಿಶ್ವಾಸಗಳ ಗತಿಯೇನು? ಇದಕ್ಕೆ ಕನ್ನಡ ಭಾಷೆಯೇ ಉತ್ತರ ಕೊಡುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಕ್ಕಳೂ ಆಡುವ ‘ಒಲ್ಲೆ’ ಎಂಬ ಮಾತಿದೆಯಲ್ಲ, ಅದರ ಬೇರು ‘ಒಲ್’. ಒಪ್ಪು, ಇಷ್ಟಪಡು, ಪ್ರೀತಿಸು ಎಂದು ಅದರ ಅರ್ಥ. ಒಲಿ, ಒಲವು ಹುಟ್ಟಿದ್ದೂ ಅದೇ ಬೇರಿನಿಂದ. ಒಲವೂ ಒಲ್ಲೆಯೂ ಒಂದೇ ತಾಯಿಯ ಮಕ್ಕಳು. ಒಲ್ಲೆ ಎನ್ನುವ ಸ್ವಾತಂತ್ರ್ಯ ಇರುವ ಕಡೆ ಮಾತ್ರ ಒಲವಿಗೆ ಬೆಲೆ. ಎಲ್ಲಕ್ಕೂ ಹೂಂ ಅನ್ನುವವರ ಹೂಂ ಚಲಾವಣೆಯಲ್ಲಿ ಸವೆದ ನಾಣ್ಯದ ಹಾಗೆ. ಅದರ ಮೇಲಿನ ಮುದ್ರೆ ಯಾವುದೆಂದು ಓದಲಾಗುವುದಿಲ್ಲ. ಈಚೆಗೆ ನಾವು, ಅದರಲ್ಲೂ ಓದಿದವರು, ಈ ಸ್ಪಷ್ಟ ಪದವನ್ನು ಬಿಟ್ಟು ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’, ‘ಆಮೇಲೆ ಹೇಳ್ತೀನಿ’ ಎಂಬ ಮುಸುಕಿನ ಮಾತುಗಳಿಗೆ ಒಗ್ಗಿಹೋಗಿದ್ದೇವೆ. ‘ನೋಡೋಣ’ ಎಂದವರು ಬರುವುದಿಲ್ಲವೆಂದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಅರೆಮನಸ್ಸಿನಲ್ಲಿ ಗೊತ್ತು. ಆದರೂ ಅವರಿಗಾಗಿ ಒಂದು ಎಲೆ ಹೆಚ್ಚಿಗೆ ಹಾಕಿ ಕಾಯುತ್ತಾರೆ.

ತನ್ನ ಇಷ್ಟದಂತೆ ಬಾಳುವುದೆಂದರೆ ಯಾರ ಮಾತನ್ನೂ ಕೇಳದೆ ಇರುವುದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಅರಮನೆಯನ್ನು, ಉಡುಗೆಯನ್ನು, ಲೋಕದ ಮಾತನ್ನು ಬಿಟ್ಟು ಹೊರಟಳು ಎಂಬುದನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅದೇ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕೇಳಿದ ಕಟುವಾದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿದಳು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಶೂನ್ಯಸಂಪಾದನೆಯಲ್ಲಿ ಆ ಸಂವಾದ ಬರುತ್ತದೆ. ರಾಜನಿಗೆ ತಲೆಬಾಗದವಳು ಪ್ರಭುವಿನ ಪ್ರಶ್ನೆಗೆ ನಿಂತು ಉತ್ತರ ಕೊಟ್ಟಳು. ತನ್ನನ್ನು ಯಾರು ಪ್ರಶ್ನಿಸಬಹುದು ಎಂಬುದನ್ನು ಅವಳೇ ಆರಿಸಿಕೊಂಡಿದ್ದಳು. ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಬೇಕಾದರೆ ಕುವೆಂಪು ಅವರ ಮಂತ್ರಮಾಂಗಲ್ಯ ಇದೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ಅವರು ಆ ವಿಧಾನದಲ್ಲಿ ನಡೆಸಿದರು. ವರದಕ್ಷಿಣೆ ಇಲ್ಲ, ಪುರೋಹಿತರಿಲ್ಲ, ಆಡಂಬರವಿಲ್ಲ. ಅದು ಜನರನ್ನು ದೂರವಿಟ್ಟ ಮದುವೆಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಹತ್ತಿರದವರ ಎದುರಿನಲ್ಲಿ, ಅರ್ಥ ತಿಳಿಯುವ ಕನ್ನಡದಲ್ಲಿ, ಇಬ್ಬರ ನಡುವಿನ ಮಾತುಕೊಡುವಿಕೆ ಗಟ್ಟಿಯಾಗಿ ಓದಿ ನಡೆಯುವಂಥದ್ದು. ಅನ್ನುವ ನಾಲ್ವರಿಗೆ ಅಲ್ಲಿ ಜಾಗವಿರಲಿಲ್ಲ, ಸಾಕ್ಷಿಯಾಗುವವರಿಗೆ ಇತ್ತು. ನನ್ನ ಷರತ್ತಿನ ಮೇಲೆ ಬಾಳುತ್ತೇನೆ ಎಂದು ನಾವು ಹೇಳುತ್ತೇವಲ್ಲ, ಷರತ್ತು ಎಂಬುದು ಒಬ್ಬರಿಗೇ ಇರಲು ಸಾಧ್ಯವಿಲ್ಲ. ಅದನ್ನು ಇನ್ನೊಬ್ಬರಿಗೆ ಹೇಳಬೇಕು, ಅವರದನ್ನೂ ಕೇಳಬೇಕು. ದಾಕ್ಷಿಣ್ಯದವರು ತಪ್ಪಿಸಿಕೊಳ್ಳುವುದು ಈ ಮಾತುಕತೆಯಿಂದಲೇ. ಯಾರನ್ನೂ ಕೇಳದೆ ಎಲ್ಲವನ್ನೂ ಬಿಟ್ಟು ಹೊರಟುಬಿಡುವವರೂ ತಪ್ಪಿಸಿಕೊಳ್ಳುವುದು ಅದರಿಂದಲೇ.

ಕೋಲ್‌ಮನ್ನಿನ ಆ ಜಗಲಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮಾವ ‘ಅಬಿಲೀನ್‌ಗೆ ಹೋಗೋಣವೇ’ ಎಂದ ಗಳಿಗೆಯಲ್ಲಿ ಮಗಳೋ ಅಳಿಯನೋ ಅತ್ತೆಯೋ, ಯಾರಾದರೂ ಒಬ್ಬರು, ‘ನನಗೆ ಈ ಬಿಸಿಲಲ್ಲಿ ಮನಸ್ಸಿಲ್ಲ, ನಿಮಗೆ?’ ಎಂದು ಕೇಳಿದ್ದರೆ, ಎರಡನೆಯವರು ನನಗೂ ಇಲ್ಲ ಅನ್ನುತ್ತಿದ್ದರು, ಮೂರನೆಯವರು ನಕ್ಕುಬಿಡುತ್ತಿದ್ದರು, ಮಾವ ನಿರಾಳವಾಗಿ ಕುರ್ಚಿಗೆ ಒರಗಿ ತಮ್ಮ ಸರದಿಯ ಕಾಯಿ ಇಡುತ್ತಿದ್ದರು. ಪಾನಕ ಇನ್ನೂ ತಣ್ಣಗಿತ್ತು, ಆಟ ಅರ್ಧಕ್ಕೆ ನಿಂತಿತ್ತು.